ಅಕ್ಕಿಗೆ ಆಡಿದ ಹಾಕಿ

ನಮ್ಮ ಟೀಮಿಗೆ ಸಾಹುಕಾರರು ಇಟ್ಟ ಹೆಸರು ಬೇರೆ. ಅದನ್ನು ಒಂದು ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆಸಿ ಕಾರ್ಖಾನೆಯ ಬಾಗಿಲಿಗೆ ತೂಗುಹಾಕಿದ್ದರು. ಆ ಹೆಸರು ಹಲಗೆಯ ಮೇಲೇ ಉಳಿಯಿತು. ಕೊಡಗಿನವರು, ಮೈಸೂರಿನವರು, ಕೊನೆಗೆ ಹುಣಸೂರಿನ ನಮ್ಮ ಮನೆಮಂದಿಯೂ ನಮ್ಮನ್ನು ಕರೆದದ್ದು ತೊಗಲು ಟೀಮು ಎಂದೇ. ಕರೆಯದೆ ಏನು ಮಾಡುತ್ತಾರೆ? ಸಾಹುಕಾರರದು ಲಕ್ಷ್ಮಣತೀರ್ಥದ ದಡದಲ್ಲಿ ಚರ್ಮ ಹದಮಾಡುವ ಕಾರ್ಖಾನೆ. ಹೊರಗಿನ ಪಂದ್ಯಗಳಿಗೆ ನಾವು ಹೋಗುತ್ತಿದ್ದದ್ದು ತೊಗಲು ಸಾಗಿಸುವ ಲಾರಿಯಲ್ಲಿ. ನಾವು ಇಳಿಯುವ ಮುಂಚೆ ನಮ್ಮ ವಾಸನೆ ಇಳಿದು ಮೈದಾನವನ್ನು ಒಂದು ಸುತ್ತು ಹಾಕಿ ಬರುತ್ತಿತ್ತು. ಎದುರಾಳಿಗಳು ಮೂಗು ಮುಚ್ಚಿಕೊಂಡರೆ ನನಗೆ ಸಿಟ್ಟು ಬರುತ್ತಿತ್ತು. ನನಗೆ ಆಗ ಎಲ್ಲಕ್ಕೂ ಸಿಟ್ಟು ಬರುತ್ತಿತ್ತು, ಅದು ಬೇರೆ ಮಾತು.

ಟೀಮು ಹುಟ್ಟಿದ್ದು ನಮ್ಮ ಷೆಡ್ಡಿನಲ್ಲಿ. ನಮ್ಮದು ಎತ್ತಿನಗಾಡಿ ಮಾಡುವ ಮನೆತನ. ಮೈಸೂರು ರಸ್ತೆಯಲ್ಲಿ ಅಪ್ಪನ ಷೆಡ್ಡಿತ್ತು, ನಾನು ಅದರಲ್ಲೇ ಉಳಿ ಹಿಡಿದು ಬೆಳೆದವನು. ಒಂದು ದಿನ ಸಾಹುಕಾರರು ವಿರಾಜಪೇಟೆಗೆ ತೊಗಲಿನ ವ್ಯಾಪಾರಕ್ಕೆ ಹೋದವರು ಅಲ್ಲಿ ಕೊಡವರ ಹಾಕಿ ನೋಡಿ ಮರುಳಾಗಿ, ಒಂದು ಕೋಲು ಕೊಂಡುಕೊಂಡು ನೇರ ನಮ್ಮಲ್ಲಿಗೆ ಬಂದರು. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ಯಾವ ಮುದುಕನ ಊರುಗೋಲು, ಬುಡದಲ್ಲಿ ಯಾಕೆ ಹೀಗೆ ಸೊಟ್ಟಗಾಗಿದೆ ಎಂದು ಉರ್ದುವಿನಲ್ಲಿ ಕೇಳಿದರು. ಸಾಹುಕಾರರು ನಗಲಿಲ್ಲ. ಇಂಥವೇ ಹನ್ನೆರಡು ಬೇಕು, ಯುಗಾದಿಯೊಳಗೆ ಬೇಕು ಎಂದರು.

ಮಾಡಿದವನು ನಾನು. ಗಾಡಿಯ ಮೂಕಿಗೆ, ಅಂದರೆ ನೊಗ ಕಟ್ಟುವ ಉದ್ದನೆಯ ಮರಕ್ಕೆ, ನಾವು ದಡಸಲು ಮರ ಬಳಸುತ್ತಿದ್ದೆವು, ಬಗ್ಗಿಸಿದರೆ ಬಗ್ಗುತ್ತದೆ, ಬಡಿದರೆ ಮುರಿಯುವುದಿಲ್ಲ. ಆ ಮರವನ್ನೇ ಸೀಳಿ, ಬಿಸಿನೀರಿನಲ್ಲಿ ಅದ್ದಿದ ಗೋಣಿ ಸುತ್ತಿ, ಮರದ ಸಿಪ್ಪೆಯ ಉರಿಯಲ್ಲಿ ಕಾಯಿಸಿ ಬಗ್ಗಿಸಿದೆ. ಹಿಡಿಗೆ ಕಾರ್ಖಾನೆಯ ತೊಗಲಿನ ಪಟ್ಟಿ. ಒಳ್ಳೆಯ ಕೋಲುಗಳೇ ಆದವು, ಆದರೆ ಗಾಡಿ ಮಾಡುವ ಕೈ ನೋಡಿ, ಸ್ವಲ್ಪ ದಪ್ಪವಾದವು. ಮೈಸೂರಿನ ಆಟಗಾರನೊಬ್ಬ ಅದನ್ನು ಎತ್ತಿ ನೋಡಿ, ಇದರಲ್ಲಿ ಭತ್ತ ಕುಟ್ಟುತ್ತೀರೋ ಎಂದು ಕೇಳಿದ್ದ.

ಕಾರ್ಖಾನೆಯಲ್ಲಿ ಬರವಣಿಗೆ ನೋಡಿಕೊಳ್ಳುತ್ತಿದ್ದ ಮುನ್ಷಿಗಳು ಗೋಲು ಕಾಯುವವರಾದರು, ಅವರೇ ಕ್ಯಾಪ್ಟನ್ನೂ ಆದರು. ಸುಣ್ಣದ ತೊಟ್ಟಿಯಲ್ಲಿ ಕೆಲಸ ಮಾಡುವವರು, ತೊಗಲು ಹದಕ್ಕೆ ತಂಗಡಿ ತೊಗಟೆ ಕುಟ್ಟುವವರು, ಸಂತೆಬೀದಿಯ ಒಬ್ಬ ದರ್ಜಿ, ಹೀಗೆ ಕೂಡಿಸಿದ ಮಂದಿ ನಾವು. ನನ್ನನ್ನು ಬ್ಯಾಕ್ ನಿಲ್ಲಿಸಿದರು. ಬ್ಯಾಕ್ ಆಡುವವನಿಗೆ ಕೋಪ ಇರಬೇಕು ಎಂದು ಮುನ್ಷಿಗಳು ಹೇಳುತ್ತಿದ್ದರು, ಅದೊಂದಕ್ಕೆ ನನ್ನಲ್ಲಿ ಕೊರತೆ ಇರಲಿಲ್ಲ.

ಬಿಟ್ಟಿ ಆಡಿದವರಲ್ಲ ನಾವು. ಪಂದ್ಯ ಆಡಿದರೆ ತಲೆಗೆ ಎರಡು ಸೇರು ಅಕ್ಕಿ, ಗೆದ್ದರೆ ನಾಲ್ಕು ಸೇರು. ಕೈಗೆ ಕಾಸು ಕೊಡದೆ ಅಕ್ಕಿ ಯಾಕೆಂದರೆ, ಮೈಸೂರಿನ ದೊಡ್ಡ ಪಂದ್ಯಗಳಲ್ಲಿ ಕೂಲಿಗೆ ಆಡುವವರನ್ನು ಸೇರಿಸುವುದಿಲ್ಲ ಎಂದು ಯಾರೋ ಸಾಹುಕಾರರ ಕಿವಿಗೆ ಹಾಕಿದ್ದರು. ಕಾಸು ಮುಟ್ಟದಿದ್ದರೆ ಕೂಲಿ ಆಗುವುದಿಲ್ಲ ಎಂಬುದು ಅವರ ಲೆಕ್ಕಾಚಾರ, ನಮಗೂ ಅದು ಸರಿಯೇ ಎನಿಸಿತ್ತು. ದಿನಾ ಮುದ್ದೆ ಉಣ್ಣುವ ಮನೆಗಳು ನಮ್ಮವು. ಅಕ್ಕಿ ಎಂದರೆ ಹಬ್ಬಕ್ಕೆ, ನೆಂಟರಿಗೆ. ಪಂದ್ಯ ಮುಗಿಸಿ ಮನೆಗೆ ಬಂದರೆ ಅಮ್ಮ ಗೆದ್ದೆಯಾ ಸೋತೆಯಾ ಎಂದು ಕೇಳುತ್ತಿರಲಿಲ್ಲ. ಎರಡಾ ನಾಲ್ಕಾ ಎಂದು ಕೇಳುತ್ತಿದ್ದಳು.

ಮೊದಲ ವರ್ಷವೆಲ್ಲ ಎರಡೇ. ವಿರಾಜಪೇಟೆಯಲ್ಲಿ ಕೊಡವರು ನಮಗೆ ಒಂಬತ್ತು ಗೋಲು ಹೊಡೆದು, ಪಾಪ ಎಂದು ಕಿತ್ತಳೆಹಣ್ಣು ಕೊಟ್ಟು ಕಳಿಸಿದರು. ಕೃಷ್ಣರಾಜನಗರದಲ್ಲಿ ಸ್ಕೂಲು ಮೇಷ್ಟರುಗಳು ಕಚ್ಚೆಪಂಚೆ ಕಟ್ಟಿಕೊಂಡು ಬಂದು ಸೋಲಿಸಿದರು. ನಾವು ಅಭ್ಯಾಸ ಮಾಡುವಾಗ ಕಾಫಿ ಕಾರ್ಖಾನೆಯ ಬಿಳಿಯ ಮ್ಯಾನೇಜರೊಬ್ಬ ಬಂದು ನಿಂತು ನೋಡುತ್ತಿದ್ದ. ಅವನ ಸೀಮೆಯಲ್ಲಿ ಇದೇ ಆಟವನ್ನು ಹೆಪ್ಪುಗಟ್ಟಿದ ಕೆರೆಯ ಮೇಲೆ, ಕಾಲಿಗೆ ಉಕ್ಕಿನ ಅಲಗು ಕಟ್ಟಿಕೊಂಡು ಆಡುತ್ತಾರಂತೆ, ಊರೂರಿಗೂ ಅಂಥ ಟೀಮು ಇದೆಯಂತೆ, ಗೆದ್ದವರಿಗೆ ಸಂಬಳವೂ ಇದೆಯಂತೆ. ಮುನ್ಷಿಗಳು ಅದನ್ನು ನಮಗೆ ಕನ್ನಡದಲ್ಲಿ ಹೇಳಿದಾಗ ನಾವು ಬಿದ್ದು ಬಿದ್ದು ನಕ್ಕೆವು. ಮಂಜುಗಡ್ಡೆ ಎಂದರೆ ಮೈಸೂರಿನ ಸೋಡಾ ಅಂಗಡಿಯಲ್ಲಿ ಮರದ ಹೊಟ್ಟಿನೊಳಗೆ ಮುಚ್ಚಿಟ್ಟ ಒಂದು ತುಂಡು, ನಾವು ಕಂಡದ್ದು ಅಷ್ಟೇ. ಅದರ ಮೇಲೆ ನಿಂತು ಆಡುವವರೂ ಇದ್ದಾರೆ, ಅವರೂ ನಮ್ಮ ಹಾಗೆ ಏನೋ ಪಡೆದುಕೊಂಡು ಮನೆಗೆ ಹೋಗುತ್ತಾರೆ ಎಂಬುದು ಮಾತ್ರ ನನಗೆ ಇಷ್ಟವಾಯಿತು.

ನಮ್ಮ ದೆಸೆ ತಿರುಗಿದ್ದು ಅವನು ಬಂದ ಮೇಲೆ.

ಅವನು ಪಿರಿಯಾಪಟ್ಟಣದ ಕಡೆ ಕಂಪಲಾಪುರದ ಲಿಂಗವಂತರ ರೈತನ ಮಗ. ಅವನ ಊರಿನ ಗಾಡಿಗಳೆಲ್ಲ ನಮ್ಮ ಷೆಡ್ಡಿಗೇ ಬರುತ್ತಿದ್ದವು. ಆ ರೈತರು ಕಾಸು ಕೊಡುತ್ತಿರಲಿಲ್ಲ. ಸುಗ್ಗಿ ಬಂದಾಗ ಅಪ್ಪ ಅವರ ಕಣಗಳಿಗೆ ಹೋಗಿ ನಿಲ್ಲುವುದು, ಅವರು ರಾಶಿಯಿಂದ ರಾಗಿ ಅಳೆದು ಹಾಕುವುದು, ವರ್ಷದ ಕೆಲಸಕ್ಕೆಲ್ಲ ಅದೇ. ತಾತನ ಕಾಲದಿಂದ ನಡೆದು ಬಂದ ಪದ್ಧತಿ. ನಾನು ಹುಟ್ಟಿದಾಗಿನಿಂದ ತಿಂದದ್ದು ಆ ಕಣಗಳ ರಾಗಿಯನ್ನೇ. ಅವನು ಚಕ್ರಕ್ಕೆ ಕಬ್ಬಿಣದ ಪಟ್ಟಾ ಹೊಡೆಸಲು ಬಂದವನು, ಪಟ್ಟಾ ಕಾಯುವ ತನಕ ಸುಮ್ಮನೆ ಕೂರಲಾರದೆ ನಾನು ಮಾಡಿಟ್ಟ ಕೋಲು ಎತ್ತಿಕೊಂಡು ಒಂದು ಮರದ ಗಂಟನ್ನು ತಳ್ಳಿಕೊಂಡು ಷೆಡ್ಡನ್ನೆಲ್ಲ ಸುತ್ತಿದ. ಕಂಬ, ಒರಳು, ಅಪ್ಪನ ಕಾಲು ಯಾವುದಕ್ಕೂ ತಾಗಿಸದೆ ಸುತ್ತಿದ. ಆ ಗಂಟು ಕೋಲಿಗೆ ಅಂಟಿಕೊಂಡಂತೆ ಇತ್ತು.

"ಆಟಕ್ಕೆ ಬತ್ತೀಯಾ?" ಎಂದೆ.

"ಏನ್ ಕೊಟ್ಟೀರಿ?" ಎಂದ.

"ಎಲ್ಡು ಸೇರು ಅಕ್ಕಿ."

"ಅಂಗಾರೆ ಬತ್ತೀನಿ ಕಣ್ ಭಾಯಿ," ಎಂದು ನಕ್ಕ. ಆವತ್ತಿನಿಂದ ನಾನು ಅವನಿಗೆ ಭಾಯಿ.

ಸೆಂಟರ್ ಫಾರ್ವರ್ಡ್ ಎಂದರೆ ಏನೆಂದು ನಮಗೆ ಗೊತ್ತಾದದ್ದು ಅವನಿಂದ. ಓಡುತ್ತಿದ್ದಾನೆ ಎನಿಸುತ್ತಲೇ ಇರಲಿಲ್ಲ, ಎತ್ತು ಹೂಡಿದ ಗಾಡಿಯ ಪಕ್ಕ ನಡೆಯುವಂತೆ ನಡೆಯುತ್ತಿದ್ದ, ನೋಡಿದರೆ ಚೆಂಡು ಗೋಲಿನೊಳಗೆ. ಆಡುವ ಮುಂಚೆ ಕೊರಳಿನ ಲಿಂಗವನ್ನು ಕೆಂಪು ವಸ್ತ್ರದಲ್ಲಿ ಸುತ್ತಿ, ಅಲುಗದ ಹಾಗೆ ಎದೆಗೆ ಬಿಗಿದು ಕಟ್ಟಿಕೊಳ್ಳುತ್ತಿದ್ದ. ಲಾರಿಯಲ್ಲಿ ತೊಗಲಿನ ಮೇಲೆ ಕೂರುತ್ತಿರಲಿಲ್ಲ, ಡ್ರೈವರನ ಪಕ್ಕ ಅವನ ಜಾಗ. ಅವ್ವ ಕಟ್ಟಿಕೊಟ್ಟ ಬುತ್ತಿಯನ್ನು ದೂರ ಹೋಗಿ ಉಣ್ಣುತ್ತಿದ್ದ. ಅವನ ಮನೆಗೆ ಹೋದರೆ ಅವನ ಅವ್ವ ನನಗೆ ಜಗುಲಿಯ ಮೇಲೆ ಎಲೆ ಹಾಕಿ ಬಡಿಸುತ್ತಿದ್ದರು, ಒಳಗೆ ಕರೆಯುತ್ತಿರಲಿಲ್ಲ. ಅವನು ನಮ್ಮ ಮನೆಗೆ ಬಂದರೆ ಬಾಳೆಹಣ್ಣು, ಸಕ್ಕರೆ, ಅಷ್ಟೇ. ಆಗ ಅದರ ಬಗ್ಗೆ ಇಬ್ಬರೂ ಒಂದು ಮಾತೂ ಆಡಿದವರಲ್ಲ. ಅವನು ನನ್ನ ಜೀವದ ಗೆಳೆಯನಾಗಿದ್ದ, ಹಾಗೆ ಹೇಳಿಕೊಳ್ಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ.

ಅವನಲ್ಲಿ ಒಂದು ದೋಷವಿತ್ತು. ಸುಳ್ಳು ಹೇಳಲು ಬಾರದು. ಚೆಂಡು ಕಾಲಿಗೆ ತಾಗಿದರೆ ರೆಫರಿ ನೋಡದಿದ್ದರೂ ಕೈಯೆತ್ತಿ ನಿಂತುಬಿಡುತ್ತಿದ್ದ. ಮುನ್ಷಿಗಳು ತಲೆ ಚಚ್ಚಿಕೊಳ್ಳುತ್ತಿದ್ದರು. "ನೋಡ್ನಿಲ್ವಲ್ಲಪ್ಪ ಅವ್ನು, ನೀನ್ಯಾಕ್ಲಾ ಕೈ ಎತ್ದೆ?" ಎಂದರೆ, "ನಾನ್ ನೋಡ್ದೆ ಕಣ್ರೀ ಮುನ್ಷಿಗಳೇ," ಎನ್ನುತ್ತಿದ್ದ.

ಮೂರ್ನಾಲ್ಕು ವರ್ಷ ಚೆನ್ನಾಗಿ ನಡೆಯಿತು. ಕೊಡವರು ಕೂಡ ಕಿತ್ತಳೆಹಣ್ಣು ಕೊಡುವುದನ್ನು ನಿಲ್ಲಿಸಿ ಕೈ ಕುಲುಕತೊಡಗಿದರು. ಆಮೇಲೆ ತೊಗಲಿನ ವ್ಯಾಪಾರ ಇಳಿಯಿತು. ಸಾಹುಕಾರರ ಪಾಲುದಾರರಿಗೆ ಮೊದಲಿನಿಂದಲೂ ಈ ಆಟ ಕಣ್ಣುರಿ. ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಒಂದು ಕಪ್ಪಿಗಾಗಿ ಪಂದ್ಯಗಳು ನಡೆಯುತ್ತಿದ್ದವು. ಆ ವರ್ಷ ನಮ್ಮನ್ನು ಲಾರಿ ಹತ್ತಿಸುವಾಗ ಸಾಹುಕಾರರು ಎಲ್ಲರನ್ನೂ ನಿಲ್ಲಿಸಿ ಹೇಳಿದರು. ಕಪ್ಪು ತಂದರೆ ಪಾಲುದಾರರ ಬಾಯಿ ಮುಚ್ಚಿಸಿ ಟೀಮು ಉಳಿಸುತ್ತೇನೆ. ಇಲ್ಲದಿದ್ದರೆ ಇದೇ ಕೊನೆ, ನನ್ನ ಕೈಲಿ ಇನ್ನು ಎಳೆಯಲಾಗುವುದಿಲ್ಲ. ಗೆಳೆಯ ನನ್ನ ಪಕ್ಕ ನಿಂತಿದ್ದ. ಹೊಲ, ಎತ್ತು, ಗದರುವ ಅಪ್ಪ ಇವುಗಳ ನಡುವೆ ಅವನಿಗೆ ಸ್ವಂತದ್ದು ಅಂತ ಇದ್ದದ್ದು ಈ ಆಟ ಒಂದೇ.

ಎರಡು ಪಂದ್ಯ ಗೆದ್ದೆವು. ಮಾರನೆಯ ದಿನ ಫೈನಲ್, ಮೈಸೂರಿನದೇ ಒಂದು ಕ್ಲಬ್ಬಿನ ಮೇಲೆ. ಕ್ಯಾನ್‌ವಾಸ್ ಬೂಟಿನವರು, ಬೈತಲೆ ತೆಗೆದವರು. ಅವತ್ತು ಸಂಜೆ ನಾನೊಬ್ಬನೇ ಮಾರ್ಕೆಟ್ಟಿನ ಹತ್ತಿರ ಒಂದು ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದೆ. ಆ ಕ್ಲಬ್ಬಿನ ಆಟಗಾರನೊಬ್ಬ ಗುರುತು ಹಿಡಿದು ಎದುರಿಗೆ ಬಂದು ಕುಳಿತ. ಮಾತು ಮೃದುವಾಗಿತ್ತು. ನನ್ನ ಕಾಲು ನೋಡಿದ.

"ಪಾಪ, ಅಷ್ಟು ದೂರದಿಂದ ಬಂದು ಬರಿಗಾಲಲ್ಲಿ ಆಡ್ತೀರಿ. ಊಟಕ್ಕಾದ್ರೂ ಏನಾದ್ರೂ ಕೊಡ್ತಾರೇನ್ರೀ ನಿಮ್ಮ ಸಾಹುಕಾರ್ರು?" ಎಂದ.

ಆ ಪಾಪ ಎಂಬ ಮಾತು ನನಗೆ ಮೆಣಸಿನಕಾಯಿ ಇಟ್ಟಂತಾಯಿತು.

"ಪಾಪ ಯಾಕ್ರೀ?" ಎಂದೆ. "ಬಿಟ್ಟಿ ದುಡಿಯೋ ಜನ ಅಲ್ಲ ನಾವು. ಆಟಕ್ಕೆ ಎಲ್ಡು ಸೇರು ಅಕ್ಕಿ, ಗೆದ್ರೆ ನಾಕು. ನಾಳೆ ನಿಮ್ಮುನ್ನ ಸೋಲಿಸಿದ್ರೆ ಕುರೀನೂ ಕಡೀತಾರೆ. ನಿಮ್ಗೆ ಯಾರ್ ಏನ್ ಕೊಡ್ತಾರೆ, ಯೋಳಿ ನೋಡುವಾ?"

ನನ್ನ ಟೀಯ ಕಾಸನ್ನೂ ಅವನೇ ಕೊಟ್ಟು ಎದ್ದುಹೋದ. ಮೈಸೂರಿನವನ ಬಾಯಿ ಮುಚ್ಚಿಸಿದೆ ಎಂದು ನಾನು ಎದೆಯುಬ್ಬಿಸಿಕೊಂಡು ಬಂದು ಮಲಗಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಒಡೆದದ್ದು ಮುತ್ತನ್ನಲ್ಲ, ಟೀಮನ್ನೇ.

ಬೆಳಗ್ಗೆ ನಮ್ಮನ್ನೆಲ್ಲ ಮೈದಾನದ ಪಕ್ಕದ ಡೇರೆಗೆ ಕರೆಸಿದರು. ಪಂದ್ಯದ ಕಾರ್ಯದರ್ಶಿಗಳು ಕುರ್ಚಿಯಲ್ಲಿ ಕುಳಿತಿದ್ದರು. ಪೇಟ, ಕರಿಕೋಟು, ವಯಸ್ಸಾದವರು, ಮರ್ಯಾದಸ್ಥರು. ನಿಮ್ಮ ಮೇಲೆ ದೂರು ಬಂದಿದೆ, ನೀವು ಕೂಲಿಗೆ ಆಡುವವರಂತೆ ಎಂದರು. ಯಾರು ಹೇಳಿದ್ದು ಎಂದು ಮುನ್ಷಿಗಳು ಕೇಳಿದರು. ಅದು ಬೇಡ, ಒಬ್ಬೊಬ್ಬರಾಗಿ ನೀವೇ ಹೇಳಿ, ನಿಮ್ಮ ಮಾತೇ ಸಾಕು ನನಗೆ ಎಂದರು.

ಮುನ್ಷಿಗಳು, "ಪ್ರೀತಿಗೆ ಆಡ್ತೀವಿ ಸ್ವಾಮಿ, ಒಂದು ಕಾಸೂ ಮುಟ್ಟಿಲ್ಲ," ಎಂದರು. ಅದು ಸುಳ್ಳಲ್ಲ. ದರ್ಜಿಯೂ ಹಾಗೇ ಹೇಳಿದ. ನನ್ನ ಸರದಿ ಬಂತು. "ಇಲ್ಲ ಸ್ವಾಮಿ, ಕೂಲಿ ಗೀಲಿ ಏನೂ ಇಲ್ಲ," ಎಂದೆ. ಅವರು ನನ್ನ ಮುಖವನ್ನು ಸ್ವಲ್ಪ ಜಾಸ್ತಿ ಹೊತ್ತೇ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ತಲೆ ತಗ್ಗಿಸಿದೆ.

ಕೊನೆಯವನು ಅವನು.

"ಅಕ್ಕಿ ತಕ್ಕತ್ತೀನಿ ಸ್ವಾಮಿ," ಎಂದ.

"ಅದು ಕೂಲಿಯೇನಪ್ಪಾ, ಇಲ್ಲ ಸುಮ್ಮನೆ ಪ್ರೀತಿಗೆ ಕೊಡೋದಾ?" ಎಂದು ಕೇಳಿದರು. ಈಗ ಯೋಚಿಸಿದರೆ ಆ ಮನುಷ್ಯ ನಮಗೆ ಒಂದು ಬಾಗಿಲು ತೆರೆದಿಟ್ಟಿದ್ದರು. ಹೂಂ ಪ್ರೀತಿಗೆ ಎಂದಿದ್ದರೆ ಸಾಕಿತ್ತು.

ಅವನಿಗೆ ಆ ಬಾಗಿಲು ಕಾಣಲಿಲ್ಲ. "ಕೂಲಿ ಅಲ್ದೆ ಇನ್ನೇನ್ ಸ್ವಾಮಿ?" ಎಂದ. "ನಮ್ ಗಾಡಿ ಮಾಡೋ ಸಾಬ್ರಿಗೆ ವರ್ಸವರ್ಸ ಕಣದಾಗೆ ರಾಗಿ ಅಳೆದು ಕೊಡ್ತೀವಿ. ಅದು ಅವ್ರ ಬೆವ್ರಿನ ಕೂಲಿ. ಅದ ನಾವು ಪ್ರೀತಿಗ್ ಕೊಟ್ಟೋ ಅಂದ್ರೆ, ಅವ್ರು ಭಿಕ್ಸೆ ಎತ್ತುದ್ರು ಅಂದಂಗಾಯ್ತದೆ. ಅಂಗೆ ಅನ್ನಕ್ಕಾಯ್ತದಾ?"

ಅವನು ನನ್ನ ಕಡೆ ತಿರುಗಿ ನೋಡಿದ, ನಾನು ಹೌದು ಎನ್ನುತ್ತೇನೆ ಎಂಬ ಹಾಗೆ. ಪೇಟೆಯಲ್ಲಿ ಕಾಸು ಎಣಿಸುವವರಿಗೆ ಅಕ್ಕಿ ಕೂಲಿ ಅಲ್ಲ. ರೈತನ ಮಗನಿಗೆ ಕಾಳಿಗಿಂತ ದೊಡ್ಡ ಕೂಲಿ ಇಲ್ಲ. ಅವನು ಅಲ್ಲಿ ನಿಂತು ಎತ್ತಿಹಿಡಿದದ್ದು ನನ್ನ ಅಪ್ಪನ ಮರ್ಯಾದೆಯನ್ನು. ಆ ರಾಗಿ ಉಂಡು ಬೆಳೆದ ನಾನೇ ಅದನ್ನು ಎಲ್ಲರಿಗಿಂತ ಮೊದಲು ಹೇಳಬೇಕಿತ್ತು. ನಾನು ಬೇರೆ ಕಡೆ ನೋಡಿದೆ.

ನಮ್ಮನ್ನು ಪಂದ್ಯದಿಂದ ತೆಗೆದರು. ನಾವೆಲ್ಲ ಹೊರಗೆ ಬಂದರೂ ಅವನು ಮಾತ್ರ ಸ್ವಲ್ಪ ಹೊತ್ತು ಒಳಗೇ ಇದ್ದ, ಕಾರ್ಯದರ್ಶಿಗಳು ಅವನ ಭುಜದ ಮೇಲೆ ಕೈಯಿಟ್ಟು ಏನೋ ಹೇಳುತ್ತಿದ್ದದ್ದು ಡೇರೆಯ ಸಂದಿಯಲ್ಲಿ ಕಂಡಿತು. ಫೈನಲ್ ನೋಡಲೆಂದು ಹೊಸ ಕೋಟು ಹಾಕಿಕೊಂಡು ಬಂದಿದ್ದ ಸಾಹುಕಾರರು ವಿಷಯ ಕೇಳಿ ಯಾರನ್ನೂ ಬಯ್ಯಲಿಲ್ಲ. ಮುನ್ಷಿಗಳಿಗೆ, ಹುಡುಗರನ್ನು ಜೋಪಾನವಾಗಿ ಕರೆದುಕೊಂಡು ಹೋಗಿ ಎಂದು ಹೇಳಿ ಬಸ್ಸು ಹತ್ತಿದರು. ಲಾರಿಯ ಹತ್ತಿರ ನಮ್ಮವರ ಮಾತು ಶುರುವಾಯಿತು. ಮೊದಲು ದೂರು ಕೊಡಿಸಿದ್ದು ಯಾರು? ಅಕ್ಕಿಯ ವಿಷಯ ಮೈಸೂರಿನವರಿಗೆ ಗೊತ್ತಾದದ್ದು ಹೇಗೆ? ಇನ್ನು ಯಾರು, ಬಾಯಿಗೆ ಬೀಗ ಇಲ್ಲದವನು ಒಬ್ಬನೇ ಅಲ್ಲವೇ, ನಿನ್ನೆಯೂ ಅವನೇ ಎಲ್ಲೋ ಒದರಿರಬೇಕು ಎಂದ ದರ್ಜಿ. ಎಲ್ಲರೂ ಹೌದೆಂದರು.

ನಾನು ಆಗ ಬಾಯಿ ಬಿಡಬಹುದಿತ್ತು. ಬಿಟ್ಟೆ. ಆದರೆ ಬಂದದ್ದು ಬೇರೆ ಮಾತು.

ಅವನು ಕೋಲು ಹಿಡಿದುಕೊಂಡು ನಿಧಾನ ನಡೆದು ಬರುತ್ತಿದ್ದ. ನಾನು ಅಡ್ಡ ಹೋಗಿ ನಿಂತೆ. "ಹತ್ಬ್ಯಾಡ ಲಾರಿಯ," ಎಂದು ಕೂಗಿದೆ. "ಅನ್ನ ಹಾಕ್ದೋರ ಮನೆಗೆ ಮಣ್ಣು ಹಾಕ್ದೆ. ದೊಡ್ಡ ಸತ್ಯವಂತ! ನಿನ್ ಸತ್ಯ ಕಟ್ಕಂಡು ನಡ್ಕಂಡೇ ಓಗು." ಇನ್ನೂ ಏನೇನೋ ಅಂದೆ, ಅವನ ಜಾತಿ ಎತ್ತಿಯೂ ಆಡಿದೆ. ಅವು ಇಲ್ಲಿ ಬರೆಯುವ ಮಾತುಗಳಲ್ಲ. ಎಷ್ಟು ಜೋರಾಗಿ ಕೂಗಿದರೆ ಅಷ್ಟು ನನ್ನ ತಪ್ಪು ಮುಚ್ಚುತ್ತದೆ ಎಂದು ನನ್ನೊಳಗಿನ ಹೇಡಿಗೆ ಗೊತ್ತಿತ್ತು. ಮುನ್ಷಿಗಳು ಕೂಡ, ಸಾಕು ಬಿಡೋ ಎಂದರು.

ಅವನು ನನ್ನನ್ನೇ ನೋಡುತ್ತ ನಿಂತಿದ್ದ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ. "ಆಯ್ತು ಬುಡು ಭಾಯಿ," ಎಂದ. "ನಡ್ಕಂಡೇ ಬತ್ತೀನಿ."

ಮೈಸೂರಿನಿಂದ ಕಂಪಲಾಪುರಕ್ಕೆ ಎರಡು ದಿನದ ನಡಿಗೆ. ಲಾರಿ ಅವನನ್ನು ದಾಟಿ ಹೋಗುವಾಗ ನಾನು ಹಿಂದೆ ತಿರುಗಲಿಲ್ಲ.

ಟೀಮಿನ ಚರಿತ್ರೆ ಅಲ್ಲಿಗೆ ಮುಗಿಯಿತು. ಅಂಗಿಗಳನ್ನು ವಾಪಸು ತೆಗೆದುಕೊಂಡರು. ಮೈದಾನದಲ್ಲಿ ತಂಗಡಿ ತೊಗಟೆ ಒಣಹಾಕಿದರು. ಒಬ್ಬಿಬ್ಬರು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದರು, ದರ್ಜಿ ಮದುವೆಯಾಗಿ ಸುಮ್ಮನಾದ. ಊರಿನಲ್ಲಿ ಯಾರು ಕೇಳಿದರೂ ಒಂದೇ ಕಥೆ, ಕಂಪಲಾಪುರದವನು ಬಾಯಿ ಬಿಟ್ಟು ಕೆಡಿಸಿದ. ನನ್ನ ಎದುರಿಗೇ ಹೇಳುತ್ತಿದ್ದರು. ನಾನು ಕೈಯಲ್ಲಿ ಉಳಿ ಹಿಡಿದುಕೊಂಡು ಕೇಳುತ್ತಿದ್ದೆ. ನಾಳೆ ಹೇಳುತ್ತೇನೆ, ಮೊದಲು ಅವನಿಗೆ ಹೇಳಿ ಆಮೇಲೆ ಊರಿಗೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಅವನೋ ಹುಣಸೂರಿಗೆ ಬರುವುದನ್ನೇ ಬಿಟ್ಟ. ಸುಗ್ಗಿಯಲ್ಲಿ ಅಪ್ಪನ ಜೊತೆ ಅವನ ಊರಿನ ಕಣಕ್ಕೆ ಹೋಗಲು ನನಗೆ ಕಾಲು ಬರಲಿಲ್ಲ, ಬೆನ್ನುನೋವು ಎಂದು ಸುಳ್ಳು ಹೇಳಿದೆ. ಅಪ್ಪ ಹೋಗಿ ಬಂದರು. ಅವನ ಮನೆಯವರು ಪ್ರತಿ ವರ್ಷದ ಹಾಗೆ ಅಳೆದು ಕೊಟ್ಟಿದ್ದರು, ಮಗ ಹೆಗ್ಗಡದೇವನಕೋಟೆಯ ಕಡೆ ಕಾಡಿಗೆ ದಿಮ್ಮಿ ಹೊಡೆಯುವ ಗಾಡಿ ಕಟ್ಟಿಕೊಂಡು ಹೋಗಿದ್ದಾನೆ ಎಂದಿದ್ದರು.

ಊರಿನವರ ಮಾತು ತಾಳಲಾರದೆ ಹೋದನೋ, ಆಟ ಇಲ್ಲದ ಊರು ಬೇಡವಾಗಿ ಹೋದನೋ. ಕಾಕನಕೋಟೆಯ ಕಾಡಿನಿಂದ ತೇಗದ ದಿಮ್ಮಿಗಳು ಹುಣಸೂರಿನ ಮೇಲೆ ಬರುತ್ತಿದ್ದವು. ಪ್ರತಿ ದಿಮ್ಮಿಗಾಡಿಯನ್ನೂ ನಾನು ಕದ್ದು ನೋಡುತ್ತಿದ್ದೆ, ಅವನು ಇರಲಿ ಎಂದೂ ಇಲ್ಲದಿರಲಿ ಎಂದೂ.

ಎರಡನೆಯ ಬೇಸಿಗೆಯ ಒಂದು ಮಧ್ಯಾಹ್ನ ಬಂದ. ಸೊರಗಿ ಹೋಗಿದ್ದ, ಗಡ್ಡ ಬಿಟ್ಟಿದ್ದ. ಗಾಡಿಯ ಅಚ್ಚು ಸದ್ದು ಮಾಡುತ್ತಿದೆ, ನೋಡಿ ಎಂದು ಅಪ್ಪನಿಗೆ ಹೇಳಿದ. ಅಪ್ಪ ಚಕ್ರ ಬಿಚ್ಚಿಸಿ, ಅಚ್ಚು ತಟ್ಟಿ ನೋಡಿ, "ಏನೂ ಆಗಿಲ್ವಲ್ಲಪ್ಪ, ಗಟ್ಟಿಯಾಗದೆ," ಎಂದರು. "ಅಂಗಾ? ನೀವು ಯೋಳುದ್ರೆ ಸರಿ ಬುಡಿ," ಎಂದ. ಆದರೂ ಹೋಗಲಿಲ್ಲ. ನನ್ನ ಹತ್ತಿರ ಬಂದು ನಿಂತ.

"ಚೆಂದಾಗಿದ್ದೀಯಾ ಭಾಯಿ?"

ಷೆಡ್ಡಿನ ಬೆಂಚಿನ ಮೇಲೆ ದರ್ಜಿಯೂ ಇನ್ನೊಬ್ಬ ಹಳೆಯ ಆಟಗಾರನೂ ಬೀಡಿ ಸೇದುತ್ತ ಕುಳಿತಿದ್ದರು. ಅವನನ್ನು ಕಂಡು ಮಾತು ನಿಲ್ಲಿಸಿದ್ದರು. ಅವರಿಬ್ಬರು ಇಲ್ಲದಿದ್ದರೆ ಹೇಳಿಬಿಡುತ್ತಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ. ಅವರು ಇದ್ದದ್ದೇ ಒಳ್ಳೆಯದಾಗಿತ್ತು, ಒಂದೇ ಮಾತಿನಲ್ಲಿ ಇಬ್ಬರ ಎದುರಿಗೂ ಮುಗಿದುಹೋಗುತ್ತಿತ್ತು.

"ಕೆಲ್ಸ ಅದೆ," ಎಂದೆ. ತಲೆ ಎತ್ತಲಿಲ್ಲ.

ಅವನು ಇನ್ನೂ ಒಂದು ಬೀಡಿ ಸೇದುವಷ್ಟು ಹೊತ್ತು ಅಲ್ಲೇ ನಿಂತಿದ್ದ. ಆಮೇಲೆ ಅಪ್ಪನಿಗೆ ಕೈ ಮುಗಿದು ಎತ್ತು ಹೂಡಿಕೊಂಡು ಹೋದ.

ಆ ಮಳೆಗಾಲ ಕಳೆದ ಮೇಲೆ ದಿಮ್ಮಿಗಾಡಿಯವನೊಬ್ಬ ಸುದ್ದಿ ತಂದ. ಬೇಗೂರಿನ ಹತ್ತಿರದ ಬಿಡಾರದಲ್ಲಿ ಚಳಿಜ್ವರ ಬಂದು ನಾಲ್ಕು ದಿನಕ್ಕೆ ತೀರಿಕೊಂಡನಂತೆ. ಮಳೆ, ಹೊಳೆ ತುಂಬಿತ್ತು, ಊರಿಗೆ ತರಲಾಗಲಿಲ್ಲ, ಅಲ್ಲೇ ಮಣ್ಣು ಮಾಡಿದರಂತೆ. ಆಗಲೇ ತಿಂಗಳಾಗಿತ್ತು. ನಾನು ಉಳಿ ಕೆಳಗಿಟ್ಟು ನದಿಯ ದಡಕ್ಕೆ ಹೋಗಿ ಕೂತೆ. ಅಳು ಬರಲಿಲ್ಲ. ಅಳುವುದಕ್ಕೂ ಒಂದು ಯೋಗ್ಯತೆ ಬೇಕಲ್ಲ.

ಮಾರನೆಯ ದಿನ ಕಂಪಲಾಪುರಕ್ಕೆ ನಡೆದೇ ಹೋದೆ. ಅವನ ಅವ್ವ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನನ್ನನ್ನು ನೋಡಿ ಮೊರ ಸರಿಸಿ, "ಬಾ ಮಗ, ಕೂತ್ಕೋ," ಎಂದರು. ನಾನು ಕೂರಲಿಲ್ಲ. ನಿಂತಲ್ಲಿಂದಲೇ ಎಲ್ಲವನ್ನೂ ಹೇಳಿದೆ. ಹೋಟೆಲು, ಟೀ, ನಾನು ಕೊಚ್ಚಿಕೊಂಡದ್ದು, ಲಾರಿಯ ಹತ್ತಿರ ಅವನಿಗೆ ಅಂದದ್ದು, ಷೆಡ್ಡಿನಲ್ಲಿ ತಲೆ ಎತ್ತದೇ ಇದ್ದದ್ದು. ಅವರು ಬಯ್ಯಲಿ, ಕಾಲಲ್ಲಿದ್ದದ್ದು ತೆಗೆದು ಹೊಡೆಯಲಿ ಎಂದು ಕಾದೆ.

"ಅದ ಅವ್ನು ಅವತ್ತೇ ಯೋಳಿದ್ದ ಕಣಪ್ಪ," ಎಂದರು. "ಮೈಸೂರಿಂದ ನಡ್ಕಂಡು ಬಂದ ದಿಸವೇ. ಆ ಪೇಟದ ದೊಡ್ಡೋರು ಡೇರೆ ಒಳಗೆ ಅವ್ನಿಗೆ ಅಂದಿದ್ರಂತೆ, ನಿಮ್ ಬ್ಯಾಕ್ ಆಡೋನೇ ನಮ್ಮೋರಿಗೆ ಯೋಳಿದ್ದು, ಇಲ್ಲಿ ಬಂದು ಇಲ್ಲ ಅಂದ, ನೀನು ಮಾತ್ರ ನಿಜ ಯೋಳ್ದೆ ಅಂತ."

ಹಾಗಾದರೆ ಲಾರಿಯ ಹತ್ತಿರ ನಾನು ಕೂ‌ಗಾಡುವಾಗ ಅವನಿಗೆ ಎಲ್ಲ ಗೊತ್ತಿತ್ತು. ಒಂದು ಮಾತು ಆಡಿದ್ದರೆ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ಸುಳ್ಳು ಹೇಳಲು ಬಾರದವನು, ನನಗಾಗಿ ಸುಮ್ಮನಿದ್ದ.

"ಯಾಕೆ ಯೋಳ್ನಿಲ್ಲ ಅವ್ವ?" ಎಂದೆ.

"ನಾನೂ ಅಂಗೇ ಕೇಳ್ದೆ. ಭಾಯಿಗೆ ಕ್ವಾಪ ಜಾಸ್ತಿ ಕಣವ್ವ, ಆದ್ರೆ ಕೆಟ್ಟೋನಲ್ಲ, ಅವ್ನೇ ಒಂದಿನ ಬಂದು ಯೋಳ್ತಾನೆ, ಆಗ ಮತ್ತೆ ಸರಿಯೋಯ್ತೀವಿ ಅಂದ." ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಕಾದ ಕಣಪ್ಪ. ಎಲ್ಡು ವರ್ಸ ಕಾದ. ನೀನೇ ತಡ ಮಾಡ್ಬುಟ್ಟೆ."

ಅಳು ಆಗ ಬಂತು. ಅವರ ಜಗುಲಿಯ ಕಂಬ ಹಿಡಿದುಕೊಂಡು ದನ ಕೂಗುವ ಹಾಗೆ ಅತ್ತೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ಹೇಳಬೇಕಾದವನು ಅವರಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಹುಣಸೂರಿಗೆ ಬಂದವನೇ ಮುನ್ಷಿಗಳ ಮನೆಗೆ ಹೋಗಿ ಹೇಳಿದೆ. ದರ್ಜಿಗೆ ಹೇಳಿದೆ. ಸಾಹುಕಾರರ ಮುಂದೆ ನಿಂತು ಹೇಳಿದೆ. ಆಮೇಲೆ ಯುದ್ಧ ಬಂತು, ಕಾರ್ಖಾನೆ ಕೈ ಬದಲಾಯಿತು, ಸಾಹುಕಾರರು ಹೋದರು, ಮುನ್ಷಿಗಳು ಹೋದರು. ಇವತ್ತಿಗೂ ನಮ್ಮ ಬೀದಿಯಲ್ಲಿ ತೊಗಲು ಟೀಮಿನ ಮಾತು ಬಂದರೆ, ಕಂಪಲಾಪುರದವನೊಬ್ಬ ಬಾಯಿ ಬಿಟ್ಟು ಹಾಳುಮಾಡಿದ ಎನ್ನುತ್ತಾರೆ. ನಾನು ಎದ್ದು ನಿಂತು, ಅವನಲ್ಲ, ಹೇಳಿದವನು ನಾನು, ನನ್ನ ಬಾಯಿಂದಲೇ ಹೋದದ್ದು ಎನ್ನುತ್ತೇನೆ. ಯಾರೂ ನಂಬುವುದಿಲ್ಲ. ಸತ್ತ ಗೆಳೆಯನ ಹೆಸರು ಕೆಡಬಾರದೆಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳುತ್ತಾರೆ ನೋಡಿ, ಭಾಯಿಯವರದು ದೊಡ್ಡ ಮನಸ್ಸು ಎನ್ನುತ್ತಾರೆ.